ಹನ್ನೆರಡನೆಯ ಕಲ್ಲು

ಬಂಡೆಯ ಮೇಲಿನ ಪಾಚಿ ಕೆರೆದು ನೀರು ಸುರಿದರೆ
ಗೀರುಗಳು ಏಳುತ್ತವೆ,
ಒದ್ದೆ ಸ್ಲೇಟಿನ ಮೇಲೆ ಹಳೆಯ ಬಳಪದ ಹಾಗೆ.
ಮೈಲಿ ದಪ್ಪದ ಮಂಜು
ಹೊಟ್ಟೆಯಡಿ ಕಲ್ಲು ಕಚ್ಚಿಕೊಂಡು ತೆವಳಿದ ಗುರುತು.
ದಿಕ್ಸೂಚಿ ಇಡುತ್ತೇನೆ: ವಾಯವ್ಯದಿಂದ ಆಗ್ನೇಯಕ್ಕೆ.
ಬೆರಳಿಗೂ ಗೊತ್ತು. ಮಂಜು ಹೋದ ಕಡೆಗೆ ಸವರಿದರೆ ನುಣುಪು,
ಬಂದ ಕಡೆಗೆ ಸವರಿದರೆ ತರಕಲು.

ಕೆಲಸ ಇಷ್ಟೆ. ಗುಂಡಿ ತೋಡುವುದು.
ಗೋಡೆಯಿಂದ ನೂರು ಹರಳು ಬಿಡಿಸಿ
ಯಾವುದು ಎತ್ತ ಮುಖ ಮಾಡಿ ಮಲಗಿತ್ತೆಂದು ಬರೆದುಕೊಳ್ಳುವುದು.
ಸೊಳ್ಳೆ ಹೊಡೆದುಕೊಳ್ಳುವುದು.
ಮತ್ತೆ ಗುಂಡಿ.

ತೂತುಬಿದ್ದ ಮೂಟೆ ಹೇರಿದ ಗಾಡಿಯ ಹಿಂದೆ
ಕಾಳು ಚೆಲ್ಲಿರುತ್ತದಲ್ಲ, ಹಾಗೆ ಅದಿರು ಕಲ್ಲು.
ಮೊದಲು ಒತ್ತಾಗಿ, ಆಮೇಲೆ ಅಗಲಕ್ಕೆ, ಆಮೇಲೆ ಅಲ್ಲೊಂದು ಇಲ್ಲೊಂದು.
ನಕ್ಷೆಯಲ್ಲಿ ಬೀಸಣಿಗೆ.
ಹಿಡಿ ಸಿಕ್ಕರೆ ಗಣಿ ಸಿಕ್ಕಿತು.

ನಮ್ಮ ನಾಯಿ ರುಸ್ಕಾ ಮಣ್ಣಿನಡಿಯ ಗಂಧಕ ಮೂಸಬಲ್ಲಳು.
ಎರಡು ಬೇಸಿಗೆಯಲ್ಲಿ ಹನ್ನೊಂದು ಕಲ್ಲು ಅಗೆದು ಬೊಗಳಿದಳು.
ಹನ್ನೆರಡನೆಯದು ಅಂಚೆಯಲ್ಲಿ ಬಂತು, ಅರ್ಧ ಮುಷ್ಟಿಯ ಚೂರು.
ಸೌನಾದ ಹೊಸ್ತಿಲ ಬಳಿ ಇದೆ, ತುಕ್ಕು ಬಣ್ಣ, ಬಹಳ ಭಾರ, ಎಂದು ಚೀಟಿ.
ಹನ್ನೊಂದಕ್ಕಿಂತ ಹದಿನಾಲ್ಕು ಕಿಲೋಮೀಟರು ಮೇಲೆ.
ಹಾಗಾದರೆ ಹಿಡಿ ಇನ್ನೂ ಮೇಲಿದೆ ಎಂದೆವು.
ಎರಡು ಚಳಿಗಾಲ, ಹೆಪ್ಪುಗಟ್ಟಿದ ಕೆರೆಯ ಮೇಲೆ ಯಂತ್ರ ನಿಲ್ಲಿಸಿ
ಏಳು ಕಡೆ ಕೊರೆದೆವು.
ಬಂದದ್ದು ಬೂದು ಬಣ್ಣದ ನೈಸ್ ಶಿಲೆ. ಮತ್ತೂ ಬೂದು.

ಚೀಟಿ ಬರೆದವರನ್ನು ಯಾರೂ ಕಂಡು ಮಾತಾಡಿರಲಿಲ್ಲ.

ಸೈಮಿ ಪರ್ವಿಯೈನೆನ್ ಕಾಫಿ ಇಟ್ಟಳು, ಮೂರು ಬಗೆಯ ಬನ್ನು ಇಟ್ಟಳು.
ರುಸ್ಕಾ ಹೊಸ್ತಿಲಲ್ಲಿ ಕಲ್ಲಿಗೆ ಮೂಗು ಒತ್ತಿ ಒಂದೇ ಸಮ ಕೂಗುತ್ತಿದ್ದಳು.
'ಅದು ಈ ಊರಿನದಲ್ಲ,' ಅಂದಳು ಸೈಮಿ, ಬಟ್ಟಲಿಗೆ ಸಕ್ಕರೆ ಹಾಕುತ್ತಾ.
'ಅಮ್ಮನ ಎಲೆಕೋಸಿನ ಪೀಪಾಯಿಯ ಮುಚ್ಚಳದ ಮೇಲಿನ ಕಲ್ಲು.
ಯುದ್ಧದಲ್ಲಿ ಊರು ಗಡಿಯ ಆಚೆಗೆ ಹೋಯಿತಲ್ಲ,
ಆವತ್ತು ಗಾಡಿಗೆ ಹೇರಿದಳು.
ಅಪ್ಪ ಬೈದ: ಕುದುರೆ ಸಾಯುತ್ತೆ ಕಣೇ,
ಹೋಗುವಲ್ಲಿ ಕಲ್ಲಿಗೇನು ಬರವೆ?
ಅಮ್ಮ ಇಳಿಸಲಿಲ್ಲ. ಈ ಕಲ್ಲಿಗೆ ಒತ್ತುವುದು ಗೊತ್ತು, ಅಂದಳು.
ಹೊಲಿಗೆ ಯಂತ್ರ ಇಳಿಸಿದಳು.'

ಹೌದು. ಗಾತ್ರಕ್ಕೆ ಮೀರಿದ ತೂಕ.
ನಾವು ನೀರಲ್ಲಿ ಮುಳುಗಿಸಿ, ದಶಾಂಶದಲ್ಲಿ ಬರೆದದ್ದನ್ನು
ಆಕೆ ಹೊಲದಲ್ಲಿ ಎಡವಿದ ದಿನವೇ ಎರಡು ಕೈಯಲ್ಲಿ ಎತ್ತಿ ತಿಳಿದಿದ್ದಳು.

'ಆ ಊರು ಯಾವ ಕಡೆ?'
ಸೈಮಿ ಕಿಟಕಿಯಾಚೆ ತೋರಿಸಿದಳು. ಆಗ್ನೇಯ.
ನನ್ನ ಬೆರಳ ತುದಿಗೆ ಆ ಬಂಡೆಯ ತರಕಲು ನೆನಪಾಯಿತು.
ಹತ್ತು ಸಾವಿರ ವರ್ಷದ ಹಿಂದೆ ಮಂಜು
ಇಲ್ಲೆಲ್ಲೋ ಕಿತ್ತು ಅಲ್ಲಿಗೆ ಎಳೆದೊಯ್ದಿತ್ತು, ನಿಧಾನಕ್ಕೆ,
ವರ್ಷಕ್ಕಿಷ್ಟು ಮಾರು.
ಒಬ್ಬಳು ಹೆಂಗಸು, ಸೋತ ಒಂದು ಕುದುರೆ
ಹದಿಮೂರು ದಿನದಲ್ಲಿ ಅದನ್ನು ಹಿಂದಕ್ಕೆ ತಂದರು.
ತುಸು ಹೆಚ್ಚೇ ತಂದರು. ಮನೆ ದಾಟಿಸಿ.

ರಾತ್ರಿ, ಇಲ್ಲಿ ರಾತ್ರಿಯೆಂದರೆ ಸೂರ್ಯ ಸ್ವಲ್ಪ ಬಗ್ಗುವುದು,
ನಕ್ಷೆಯಲ್ಲಿ ಹನ್ನೆರಡನ್ನು ಅಳಿಸಿದೆ.
ಬೀಸಣಿಗೆ ಮಡಚಿಕೊಂಡಿತು.
ಹಿಡಿ ಬಂದು ಕೂತದ್ದು ಯಾರೂ ಕೊರೆಯದ ಒಂದು ಜೌಗಿನ ಮೇಲೆ,
ಮೊಣಕಾಲು ಹುಗಿಯುವ ಜಾಗ, ಕ್ಲೌಡ್‌ಬೆರಿ ಬಿಡುವ ಜಾಗ.
ಏನಿದೆಯೋ. ಇರಲಿಕ್ಕಿಲ್ಲವೋ.

ನಮೂನೆಯಲ್ಲಿ ಒಂದು ಕಾಲಮ್ಮಿದೆ: ಸಾಗಿಸಿದ್ದು.
ಎಲ್ಲ ಕಡೆ 'ಮಂಜು' ಎಂದೇ ಬರೆಯುತ್ತ ಬಂದ ಕೈ
ಸ್ವಲ್ಪ ತಡೆಯಿತು. ಆಕೆಯ ಹೆಸರು ಕೇಳಿರಲಿಲ್ಲ ನಾನು.

ಪ್ರಯೋಗಾಲಯಕ್ಕೆ ಅರ್ಧ ಕಲ್ಲು ಕೊಯ್ದು ಕೊಡುತ್ತೀರಾ
ಎಂದು ಬೆಳಿಗ್ಗೆ ಕೇಳಿದ್ದಕ್ಕೆ ಸೈಮಿ
ರುಸ್ಕಾಳ ಕಿವಿ ಕೆರೆಯುತ್ತಾ ತಲೆಯಾಡಿಸಿದಳು:
'ಚೂರು ಕೊಟ್ಟೆನಲ್ಲ.
ಅರ್ಧ ಕಲ್ಲು ಅರ್ಧವೇ ಒತ್ತುತ್ತೆ.
ಸೆಪ್ಟೆಂಬರಿಗೆ ಕೋಸು ಹಾಕಬೇಕು.'